ಲಿನಕ್ಸ್‌ಗಾಗಿ ಗೇಮ್ ಮಾರುವವರಿಗೆ: ಮೊದಲ ನಿರ್ಧಾರದಿಂದ ಮಾರಾಟದ ನಂತರದ ಬೆಂಬಲದವರೆಗೆ

ಲಿನಕ್ಸ್‌ನಂತಹ ಮುಕ್ತ ತಂತ್ರಾಂಶ, ಎಂದರೆ ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ, ಹಂಚಬಹುದಾದ ತಂತ್ರಾಂಶ ಬಳಸುವವರು ಯಾವುದಕ್ಕೂ ಹಣ ಕೊಡುವುದಿಲ್ಲ ಎಂಬ ಮಾತು ಗೇಮ್ ತಯಾರಕರ ನಡುವೆ ಈಗಲೂ ಕೇಳಿಬರುತ್ತದೆ. ಆ ಮಾತು ನಿಜವಲ್ಲವೆಂದು 2010ರ ಮೇ ತಿಂಗಳಲ್ಲೇ ಗೊತ್ತಾಗಿತ್ತು. ಆಗ ಹಂಬಲ್ ಇಂಡೀ ಬಂಡಲ್ ಎಂಬ ಹೆಸರಿನಲ್ಲಿ ಕೆಲವು ಸ್ವತಂತ್ರ ಗೇಮ್‌ಗಳನ್ನು ಒಟ್ಟುಗೂಡಿಸಿ, ಕೊಳ್ಳುವವರೇ ತಮಗೆ ತೋಚಿದ ಬೆಲೆ ಕೊಡಲಿ ಎಂದು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರಕ್ಕೂ ಮಾರಾಟಕ್ಕಿಟ್ಟರು. ಸರಾಸರಿ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟವರು ಲಿನಕ್ಸ್ ಬಳಕೆದಾರರು. ವಿಂಡೋಸ್ ಬಳಕೆದಾರರ ಸರಾಸರಿಯನ್ನು ಅದು ಬಹಳಷ್ಟು ಮೀರಿತ್ತು.

ಹಣ ಕೊಡುವವರು ಇದ್ದರೂ ಈ ವ್ಯಾಪಾರದಲ್ಲಿ ಸೋತವರು ಇದ್ದಾರೆ, ಅವರ ಕಥೆಯನ್ನೂ ತಿಳಿದಿರಬೇಕು. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕಾಟ್ ಡ್ರೇಕರ್ ಆರಂಭಿಸಿದ ಲೋಕಿ ಸಾಫ್ಟ್‌ವೇರ್ ಸಂಸ್ಥೆಯು ಬೇರೆ ಕಂಪನಿಗಳ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು, ಡಬ್ಬಿಯಲ್ಲಿಟ್ಟು ಮಾರುತ್ತಿತ್ತು. ಹಲವು ಗೇಮ್‌ಗಳ ಲಿನಕ್ಸ್ ಡಬ್ಬಿ ಅಂಗಡಿಗೆ ಬರುವ ಹೊತ್ತಿಗೆ ವಿಂಡೋಸ್ ಆವೃತ್ತಿ ಬಂದು ತಿಂಗಳುಗಳೇ ಕಳೆದಿರುತ್ತಿದ್ದವು. ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನಿಟ್ಟುಕೊಂಡ ಉತ್ಸಾಹಿಗಳು ಅಷ್ಟು ದಿನ ಕಾಯದೆ ವಿಂಡೋಸ್ ಡಬ್ಬಿಯನ್ನೇ ಕೊಂಡುಬಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಲೋಕಿ 2001ರಲ್ಲಿ ದಿವಾಳಿ ಅರ್ಜಿ ಹಾಕಿತು, 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಆದರೆ ಲೋಕಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲ್ಯಾಂಟಿಂಗಾ ಕಟ್ಟಿದ ಎಸ್‌ಡಿಎಲ್ ಲೈಬ್ರರಿ, ಎಂದರೆ ಕಿಟಕಿ, ಧ್ವನಿ, ನಿಯಂತ್ರಕಗಳನ್ನು ನಿಭಾಯಿಸುವ ಸಿದ್ಧ ಕೋಡ್, ಇಂದಿಗೂ ಸಾವಿರಾರು ಗೇಮ್‌ಗಳಿಗೆ ಬುನಾದಿಯಾಗಿದೆ.

ಈಗ ಪರಿಸ್ಥಿತಿ ಬದಲಾಗಿದೆ. 2013ರ ಫೆಬ್ರವರಿಯಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ಲಿನಕ್ಸ್‌ಗೆ ಬಂತು, 2018ರ ಆಗಸ್ಟ್‌ನಲ್ಲಿ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಂತು, 2022ರ ಫೆಬ್ರವರಿಯಲ್ಲಿ ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್ ಹೊತ್ತ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಮಾರಾಟವಾಗತೊಡಗಿತು. 2025ರ ಅಕ್ಟೋಬರ್‌ನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿಗೆ ಶೇಕಡ 3ನ್ನು ದಾಟಿತು. ಶೇಕಡ 3 ಎಂಬುದು ಕೇಳಲು ಚಿಕ್ಕದು. ಆದರೆ ಇಬ್ಬರು ಮೂವರು ಸೇರಿ ಮಾಡಿದ ಗೇಮ್‌ಗೆ ಈ ಗುಂಪಿನಿಂದ ಬರುವ ಗಮನ, ಬಾಯಿಮಾತಿನ ಪ್ರಚಾರ ಮತ್ತು ತಪ್ಪು ಹುಡುಕಿಕೊಡುವ ಶ್ರದ್ಧೆ ಆ ಪ್ರಮಾಣಕ್ಕಿಂತ ದೊಡ್ಡದಾಗಿರುತ್ತವೆ. ಸಣ್ಣ ತಂಡವೊಂದು ತನ್ನ ಗೇಮನ್ನು ಲಿನಕ್ಸ್‌ನಲ್ಲಿ ಹಣಕ್ಕೆ ಮಾರಬೇಕಾದರೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಫ್ರೀಬಿಎಸ್‌ಡಿಯಂತಹ ಬೇರೆ ಮುಕ್ತ ವ್ಯವಸ್ಥೆಗಳಿಗೆ ಪ್ರತ್ಯೇಕ ವ್ಯಾಪಾರ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನವರು ಬಹುಮಟ್ಟಿಗೆ ಲಿನಕ್ಸ್ ಹೊಂದಾಣಿಕೆಯ ಪದರದ ಮೂಲಕ ಲಿನಕ್ಸ್ ಬಿಲ್ಡ್ ಅನ್ನೇ, ಎಂದರೆ ಲಿನಕ್ಸ್‌ಗೆ ಸಿದ್ಧಪಡಿಸಿದ ಗೇಮ್ ಪ್ರತಿಯನ್ನೇ, ಓಡಿಸಿಕೊಳ್ಳುತ್ತಾರೆ.

ಹೆಜ್ಜೆ 1: ಸ್ವಂತ ಬಿಲ್ಡ್ ಕೊಡುವಿರೋ, ಪ್ರೋಟಾನ್ ಸಾಕೋ ಎಂದು ಮೊದಲೇ ನಿರ್ಧರಿಸಿ

ಲಿನಕ್ಸ್ ಆಟಗಾರರನ್ನು ತಲುಪಲು ಇಂದು ಎರಡು ದಾರಿಗಳಿವೆ. ಒಂದು, ಲಿನಕ್ಸ್‌ಗೆಂದೇ ಕಂಪೈಲ್ ಮಾಡಿದ, ಎಂದರೆ ಕೋಡ್ ಅನ್ನು ಯಂತ್ರ ಓಡಿಸುವ ರೂಪಕ್ಕೆ ತಂದ, ನೇಟಿವ್ ಬಿಲ್ಡ್. ಇನ್ನೊಂದು, ನಿಮ್ಮ ವಿಂಡೋಸ್ ಬಿಲ್ಡ್ ಅನ್ನೇ ಪ್ರೋಟಾನ್ ಮೂಲಕ ಓಡಿಸುವುದು. ಪ್ರೋಟಾನ್ ಎಂದರೆ ವೈನ್ ಎಂಬ ಹಳೆಯ ಮುಕ್ತ ಯೋಜನೆಯ ಮೇಲೆ ಕಟ್ಟಿದ ವ್ಯವಸ್ಥೆ. ಅದರೊಳಗಿನ ಡಿಎಕ್ಸ್‌ವಿಕೆ ಮತ್ತು ವಿಕೆಡಿ3ಡಿ ಎಂಬ ಪದರಗಳು ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ನ ಕರೆಗಳನ್ನು ಲಿನಕ್ಸ್‌ನಲ್ಲೂ ಇರುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ ಕರೆಗಳಾಗಿ ಬದಲಿಸುತ್ತವೆ.

ನೇಟಿವ್ ಬಿಲ್ಡ್ ಇದ್ದರೆ ಮಾತ್ರ ಅದು ನಿಜವಾದ ಬೆಂಬಲ ಎಂದು ವಾದಿಸುವವರಿದ್ದಾರೆ, ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ಅನುಭವದ ತೀರ್ಪು ಹೀಗಿದೆ: ಕೈಬಿಟ್ಟ ನೇಟಿವ್ ಬಿಲ್ಡ್‌ಗಿಂತ ಪ್ರತಿ ಅಪ್‌ಡೇಟ್‌ಗೂ ಪರೀಕ್ಷಿಸಿದ ಪ್ರೋಟಾನ್ ಬೆಂಬಲ ಮೇಲು. ವಿಂಡೋಸ್ ಆವೃತ್ತಿಯು ಮೂರು ಅಪ್‌ಡೇಟ್ ಮುಂದಿದ್ದು, ಲಿನಕ್ಸ್ ಆವೃತ್ತಿಯವರು ಗೆಳೆಯರೊಡನೆ ಕೂಡಿ ಆಡಲಾಗದೆ, ಸೇವ್ ಮಾಡಿದ ಆಟವನ್ನು ತೆರೆಯಲಾಗದೆ ಉಳಿಯುವುದಕ್ಕಿಂತ ದೊಡ್ಡ ಅನ್ಯಾಯವನ್ನು ಹಣ ಕೊಟ್ಟವರಿಗೆ ಮಾಡಲಾಗದು. ಹಾಗಾಗಿ ತಂಡದಲ್ಲಿ ದಿನವೂ ಲಿನಕ್ಸ್ ಬಳಸುವವರು ಕನಿಷ್ಠ ಒಬ್ಬರಿದ್ದು, ಗೇಮ್ ಎಂಜಿನ್ ಲಿನಕ್ಸ್‌ಗೆ ನೇರವಾಗಿ ರಫ್ತು ಮಾಡುವಂತಿದ್ದರೆ ನೇಟಿವ್ ಬಿಲ್ಡ್ ಕೊಡಿ. ಗೊಡೋ, ಯೂನಿಟಿ, ಅನ್‌ರಿಯಲ್ ಮೂರರಲ್ಲೂ ಆ ಸೌಲಭ್ಯವಿದೆ. ಎಸ್‌ಡಿಎಲ್ ಮೇಲೆ ಸ್ವಂತ ಎಂಜಿನ್ ಕಟ್ಟಿಕೊಂಡವರಿಗಂತೂ ಇದು ಇನ್ನೂ ಸುಲಭ. ದಿನವೂ ಲಿನಕ್ಸ್ ಬಳಸುವವರು ತಂಡದಲ್ಲಿಲ್ಲದಿದ್ದರೆ ಪ್ರೋಟಾನ್‌ನಲ್ಲೇ ಚೆನ್ನಾಗಿ ಓಡುವಂತೆ ನೋಡಿಕೊಂಡು, ಅದನ್ನೇ ಗೇಮ್‌ನ ವಿವರಣೆಯಲ್ಲಿ ಪ್ರಾಮಾಣಿಕವಾಗಿ ಬರೆಯಿರಿ.

ಹಲವರು ಒಟ್ಟಿಗೆ ಆಡುವ ಸ್ಪರ್ಧಾತ್ಮಕ ಗೇಮ್ ಆಗಿದ್ದರೆ ಮೋಸ ತಡೆಯುವ ತಂತ್ರಾಂಶದ ಬಗ್ಗೆ ಇದೇ ಹಂತದಲ್ಲಿ ವಿಚಾರಿಸಬೇಕು. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಹೊಂದುತ್ತವೆ, ಆದರೆ ಆ ಸೌಲಭ್ಯವನ್ನು ತೆರೆಯುವ ನಿರ್ಧಾರ ಗೇಮ್ ತಯಾರಕರದು. ಅದನ್ನು ತೆರೆಯುವ ಮನಸ್ಸಿಲ್ಲದಿದ್ದರೆ ಲಿನಕ್ಸ್ ಆಟಗಾರರಿಗೆ ಮಾರಾಟದ ಆಸೆ ತೋರಿಸಬೇಡಿ.

ಹೆಜ್ಜೆ 2: ಬಳಸಿದ ಪ್ರತಿಯೊಂದರ ಪರವಾನಗಿಯನ್ನು ಪಟ್ಟಿ ಮಾಡಿ

ಮುಕ್ತ ವ್ಯವಸ್ಥೆಯ ಮೇಲೆ ಓಡುವ ಗೇಮ್‌ನ ಸೋರ್ಸ್ ಕೋಡ್ ಕೂಡ ಮುಕ್ತವಾಗಿರಬೇಕು ಎಂಬ ಭಯ ಹೊಸಬರಲ್ಲಿ ಇರುತ್ತದೆ. ಹಾಗೇನೂ ಇಲ್ಲ. ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್, ಹಂಚುವವರು ಸೋರ್ಸ್ ಕೋಡ್ ಅನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯಲ್ಲಿದ್ದರೂ ಅದರ ಮೇಲೆ ಓಡುವ ಸಾಮಾನ್ಯ ಪ್ರೋಗ್ರಾಂಗಳಿಗೆ ಆ ನಿಯಮ ತಗಲುವುದಿಲ್ಲ. ತಗಲುವುದು ನೀವು ನಿಮ್ಮ ಗೇಮ್‌ನೊಳಗೆ ಸೇರಿಸಿಕೊಂಡ ಲೈಬ್ರರಿಗಳ ಪರವಾನಗಿ ಮಾತ್ರ.

ಎಂಐಟಿ ಮತ್ತು ಜ಼ೆಡ್‌ಲಿಬ್ ಪರವಾನಗಿಗಳು ಮುಚ್ಚಿದ ಗೇಮ್‌ಗಳಿಗೆ ಅಡ್ಡಿಯಿಲ್ಲದವು. ಗೊಡೋ ಎಂಜಿನ್ ಎಂಐಟಿಯಲ್ಲಿದೆ. ಎಸ್‌ಡಿಎಲ್ ತನ್ನ ಎರಡನೆಯ ಆವೃತ್ತಿಯಿಂದ ಜ಼ೆಡ್‌ಲಿಬ್ ಪರವಾನಗಿಗೆ ಬಂದಿದೆ. ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯ ಲೈಬ್ರರಿಯನ್ನು ಪ್ರತ್ಯೇಕ ಕಡತವಾಗಿ ಜೋಡಿಸಿದರೆ, ಎಂದರೆ ಬಳಕೆದಾರರು ಅದನ್ನು ತೆಗೆದು ಬೇರೊಂದು ಪ್ರತಿಯನ್ನು ಹಾಕಿಕೊಳ್ಳುವಂತಿದ್ದರೆ, ನಿಮ್ಮ ಕೋಡ್ ಮುಚ್ಚಿಯೇ ಇರಬಹುದು. ಆದರೆ ಲೈಬ್ರರಿಯ ಪರವಾನಗಿ ಪತ್ರವನ್ನು ಗೇಮ್‌ನೊಂದಿಗೆ ಇಟ್ಟು, ಅದರ ಸೋರ್ಸ್ ಕೋಡ್ ದೊರೆಯುವಂತೆ ಮಾಡಬೇಕು. ಬೈನರಿಯೊಳಗೇ, ಎಂದರೆ ಗೇಮ್ ಅನ್ನು ಚಲಾಯಿಸುವ ಮುಖ್ಯ ಕಡತದೊಳಗೇ, ಬೆಸೆದುಬಿಟ್ಟರೆ ಮರುಜೋಡಣೆಗೆ ಬೇಕಾದ ಆಬ್ಜೆಕ್ಟ್ ಕಡತಗಳನ್ನೂ ಕೊಡಬೇಕಾಗುತ್ತದೆ. ಜಿಪಿಎಲ್ ಲೈಬ್ರರಿಯನ್ನು ಸೇರಿಸಿದರೆ ಇಡೀ ಗೇಮ್‌ನ ಕೋಡ್ ಅನ್ನು ಅದೇ ಪರವಾನಗಿಯಲ್ಲಿ ಕೊಡಬೇಕು. ವೀಡಿಯೊ ತುಣುಕುಗಳಿಗೆ ಎಚ್.264 ಬಿಟ್ಟು ವೆಬ್‌ಎಂ, ಧ್ವನಿಗೆ ವಾರ್ಬಿಸ್ ಅಥವಾ ಓಪಸ್ ಬಳಸಿದರೆ ಪೇಟೆಂಟ್ ಶುಲ್ಕದ ಚಿಂತೆಯೂ ಇಲ್ಲ, ಎಲ್ಲ ಡಿಸ್ಟ್ರೋಗಳಲ್ಲೂ, ಎಂದರೆ ಉಬುಂಟು, ಡೆಬಿಯನ್‌ನಂತಹ ಲಿನಕ್ಸ್ ಬಗೆಗಳಲ್ಲೂ, ಒಂದೇ ರೀತಿ ಓಡುವ ಭರವಸೆಯೂ ಇದೆ.

ಕೋಡ್ ಅನ್ನು ಮುಕ್ತವಾಗಿಟ್ಟು ಗೇಮ್ ಮಾರುವುದೂ ಸಾಧ್ಯವಿರುವ ದಾರಿಯೇ. ಮಿಂಡಸ್ಟ್ರಿ ಮತ್ತು ಶ್ಯಾಟರ್ಡ್ ಪಿಕ್ಸೆಲ್ ಡಂಜನ್ ಎಂಬ ಗೇಮ್‌ಗಳ ಪೂರ್ತಿ ಕೋಡ್ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿದೆ, ಆದರೂ ಸ್ಟೀಮ್‌ನಲ್ಲಿ ಅವು ಹಣಕ್ಕೆ ಮಾರಾಟವಾಗುತ್ತಿವೆ. ಐಡಿ ಸಾಫ್ಟ್‌ವೇರ್ ತನ್ನ ಹಳೆಯ ಗೇಮ್‌ಗಳ ಎಂಜಿನ್ ಕೋಡ್ ಅನ್ನು ಜಿಪಿಎಲ್‌ನಲ್ಲಿ ಬಿಡುಗಡೆ ಮಾಡಿ, ಚಿತ್ರ, ಸಂಗೀತ ಮತ್ತು ಹಂತಗಳ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡಿತು. ಕೋಡ್‌ಗೆ ಒಂದು ಪರವಾನಗಿ, ಕಲೆಗೆ ಇನ್ನೊಂದು ಎಂಬ ಈ ವಿಂಗಡಣೆಯನ್ನು ಆರಂಭದಲ್ಲೇ ಮಾಡಿಕೊಳ್ಳಬೇಕು, ಏಕೆಂದರೆ ಹೊರಗಿನವರ ಕೊಡುಗೆಗಳು ಸೇರಿಕೊಂಡ ಮೇಲೆ ಪರವಾನಗಿ ಬದಲಿಸಲು ಪ್ರತಿಯೊಬ್ಬರ ಒಪ್ಪಿಗೆಯೂ ಬೇಕಾಗುತ್ತದೆ.

ಹೆಜ್ಜೆ 3: ಬಿಲ್ಡ್ ಅನ್ನು ಹಳೆಯ ನೆಲೆಯ ಮೇಲೆ ಕಟ್ಟಿ

ಲಿನಕ್ಸ್ ಎಂದರೆ ನೂರು ಬಗೆ, ಯಾವುದಕ್ಕೆಂದು ಕೆಲಸ ಮಾಡುವುದು ಎಂಬ ದೂರು ಬಹಳ ಹಳೆಯದು. ಅದರ ಬಹುಪಾಲು ಒಂದೇ ಲೈಬ್ರರಿಯಿಂದ ಹುಟ್ಟುತ್ತದೆ. ಜಿಲಿಬ್‌ಸಿ ಎಂಬ ಮೂಲ ಸಿ ಲೈಬ್ರರಿಯು ತನ್ನ ಹಳೆಯ ಆವೃತ್ತಿಗೆ ಕಂಪೈಲ್ ಮಾಡಿದ ಪ್ರೋಗ್ರಾಂಗಳನ್ನು ಹೊಸ ವ್ಯವಸ್ಥೆಗಳಲ್ಲಿ ಚೆನ್ನಾಗಿಯೇ ಓಡಿಸುತ್ತದೆ, ಆದರೆ ಹೊಸದಕ್ಕೆ ಕಂಪೈಲ್ ಮಾಡಿದ್ದನ್ನು ಹಳೆಯದರಲ್ಲಿ ಓಡಿಸುವುದಿಲ್ಲ. ನಿಮ್ಮ ಮೇಜಿನ ಮೇಲಿರುವ ಇತ್ತೀಚಿನ ಉಬುಂಟುವಿನಲ್ಲಿ ಕಟ್ಟಿದ ಗೇಮ್, ಎರಡು ವರ್ಷ ಹಳೆಯ ಡೆಬಿಯನ್ ಇಟ್ಟುಕೊಂಡವರ ಯಂತ್ರದಲ್ಲಿ ಆರಂಭವೇ ಆಗದಿರುವುದಕ್ಕೆ ಇದೇ ಕಾರಣ.

ಪರಿಹಾರ ಸರಳವಾಗಿದೆ. ವಾಲ್ವ್ ಸಂಸ್ಥೆಯು ಸ್ಟೀಮ್ ಲಿನಕ್ಸ್ ರನ್‌ಟೈಮ್ ಎಂಬ ಸ್ಥಿರ ಪರಿಸರವನ್ನು ಕಂಟೇನರ್ ರೂಪದಲ್ಲಿ, ಎಂದರೆ ಉಳಿದ ಯಂತ್ರದಿಂದ ಬೇರ್ಪಟ್ಟ ಕಟ್ಟಾಗಿ, ಕೊಡುತ್ತದೆ. ಉಬುಂಟು 12.04 ಆಧಾರಿತ ಸ್ಕೌಟ್, ಡೆಬಿಯನ್ 10 ಆಧಾರಿತ ಸೋಲ್ಜರ್, ಡೆಬಿಯನ್ 11 ಆಧಾರಿತ ಸ್ನೈಪರ್ ಎಂದು ಅದರ ತಲೆಮಾರುಗಳಿವೆ. ಸ್ನೈಪರ್‌ನ ಅಭಿವೃದ್ಧಿ ಕಂಟೇನರ್ ಅನ್ನು ಡಾಕರ್ ಅಥವಾ ಪಾಡ್‌ಮನ್ ಎಂಬ ಸಾಧನದಲ್ಲಿ ತೆರೆದು ಅದರೊಳಗೇ ಗೇಮನ್ನು ಕಂಪೈಲ್ ಮಾಡಿದರೆ, ಡೆಬಿಯನ್ 11ರಷ್ಟು ಹಳೆಯದಾದ ಮತ್ತು ಅದಕ್ಕಿಂತ ಹೊಸದಾದ ಬಹುತೇಕ ಎಲ್ಲ ಡಿಸ್ಟ್ರೋಗಳಲ್ಲೂ ಅದು ಓಡುತ್ತದೆ. ಸ್ಟೀಮ್ ಹೊರಗೆ ಮಾರುವ ಪ್ರತಿಗೂ ಇದೇ ಬಿಲ್ಡ್ ಸಾಕು. ಎಂಜಿನ್ ಕಂಪನಿಯೇ ಕಂಪೈಲ್ ಮಾಡಿ ಕೊಟ್ಟ ರಫ್ತು ಮಾದರಿಗಳನ್ನು ಬಳಸುವವರಿಗೆ ಈ ಕೆಲಸ ಬಹುಮಟ್ಟಿಗೆ ಮುಗಿದೇ ಇರುತ್ತದೆ. ಆದರೆ ನೀವು ಸೇರಿಸಿದ ಪ್ಲಗಿನ್‌ಗಳನ್ನು ಬೇರೆಯಾಗಿ ಪರಿಶೀಲಿಸಬೇಕು.

ಯಾವ ಲೈಬ್ರರಿಯನ್ನು ಗೇಮ್‌ನೊಂದಿಗೆ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಧ್ವನಿ, ಚಿತ್ರ ಬಿಡಿಸುವಿಕೆ, ಭೌತಶಾಸ್ತ್ರ ಮುಂತಾದ ನಿಮ್ಮ ಲೈಬ್ರರಿಗಳನ್ನು ಗೇಮ್ ಫೋಲ್ಡರ್‌ನಲ್ಲಿಟ್ಟು, ಅವುಗಳ ಹುಡುಕು ದಾರಿಯನ್ನು ಗೇಮ್ ಇರುವ ಜಾಗಕ್ಕೆ ಸಾಪೇಕ್ಷವಾಗಿ ಬೈನರಿಯೊಳಗೇ ಬರೆಯಿರಿ. ಗ್ರಾಫಿಕ್ಸ್ ಡ್ರೈವರ್‌ಗೆ ಸಂಬಂಧಿಸಿದ ಓಪನ್‌ಜಿಎಲ್, ವಲ್ಕನ್ ಲೈಬ್ರರಿಗಳನ್ನು ಮಾತ್ರ ಎಂದೂ ಜೊತೆಗೆ ಕೊಡಬೇಡಿ, ಅವು ಬಳಕೆದಾರರ ಯಂತ್ರದಿಂದಲೇ ಬರಬೇಕು. ಸಿ++ ಪ್ರಮಾಣಿತ ಲೈಬ್ರರಿಯ ವಿಷಯ ಇನ್ನೂ ಸೂಕ್ಷ್ಮ. ಅದರ ಹಳೆಯ ಪ್ರತಿಯನ್ನು ಗೇಮ್‌ನೊಂದಿಗೆ ಕೊಟ್ಟರೆ, ಎಎಂಡಿ, ಇಂಟೆಲ್ ಯಂತ್ರಗಳಲ್ಲಿ ಬಳಸುವ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಡ್ರೈವರ್ ತನಗೆ ಬೇಕಾದ ಹೊಸ ಪ್ರತಿಯ ಬದಲು ನಿಮ್ಮ ಹಳೆಯದನ್ನೇ ಎತ್ತಿಕೊಂಡು ಲೋಡ್ ಆಗದೆ ಉಳಿಯುತ್ತದೆ; ಆಟಗಾರರಿಗೆ ಕಾಣುವುದು ಕಪ್ಪು ಪರದೆ ಅಥವಾ ಓಪನ್‌ಜಿಎಲ್ ಇಲ್ಲವೆಂಬ ಸಂದೇಶ. ಆ ಲೈಬ್ರರಿಯನ್ನು ಬೈನರಿಯೊಳಗೇ ಬೆಸೆದುಕೊಳ್ಳುವುದು ಅಥವಾ ರನ್‌ಟೈಮ್‌ಗೆ ಬಿಟ್ಟುಬಿಡುವುದು ಸುರಕ್ಷಿತ. ಹಣ ಕೊಟ್ಟು ಕೊಂಡ ಹಳೆಯ ಗೇಮ್ ಒಂದು ಹೊಸ ಯಂತ್ರದಲ್ಲಿ ಇದೇ ಕಾರಣಕ್ಕೆ ನಿಂತುಹೋದಾಗ, ಫೋಲ್ಡರ್‌ನಿಂದ ಒಂದೇ ಒಂದು ಕಡತವನ್ನು ಅಳಿಸಿ ಅದನ್ನು ಮತ್ತೆ ಓಡಿಸಿದ್ದೇನೆ. ಎಲ್ಲ ಆಟಗಾರರಿಗೂ ಆ ಉಪಾಯ ಹೊಳೆಯಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಎಸ್‌ಡಿಎಲ್ ಬಳಸುವುದರ ಒಂದು ದೊಡ್ಡ ಲಾಭವನ್ನು ಇಲ್ಲಿಯೇ ಹೇಳಬೇಕು. ಅದನ್ನು ಬೈನರಿಯೊಳಗೇ ಬೆಸೆದಿದ್ದರೂ, ಒಂದು ಪರಿಸರ ಚರಾಂಶದ, ಎಂದರೆ ಗೇಮ್ ಓಡಿಸುವ ಮುನ್ನ ಹೊರಗಿನಿಂದ ಕೊಡುವ ಸೆಟ್ಟಿಂಗ್‌ನ, ಮೂಲಕ ಬಳಕೆದಾರರು ಹೊಸ ಎಸ್‌ಡಿಎಲ್ ಪ್ರತಿಯನ್ನು ಅದರ ಜಾಗದಲ್ಲಿ ತಂದು ನಿಲ್ಲಿಸಬಹುದು. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಕಾಲದಲ್ಲಿ ಬರೆದ ಗೇಮ್, ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಕಾಲದಲ್ಲಿ ಮರು ಕಂಪೈಲ್ ಇಲ್ಲದೆ ಓಡುವುದು ಇಂತಹ ದೂರದೃಷ್ಟಿಯಿಂದಲೇ. ಹತ್ತು ವರ್ಷಗಳ ನಂತರವೂ ಗ್ರಾಹಕರ ಬಳಿ ಉಳಿಯುವ ವಸ್ತುವನ್ನು ಮಾರುವವರು ಕಿಟಕಿ, ಧ್ವನಿ, ನಿಯಂತ್ರಕಗಳಿಗೆ ನೇರ ಕರೆಗಳನ್ನು ಬರೆಯದೆ ಈ ಪದರದ ಮೂಲಕವೇ ಹೋಗಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಹೆಜ್ಜೆ 4: ವಿಂಡೋಸ್‌ನಲ್ಲಿ ಕಾಣದ ತಪ್ಪುಗಳನ್ನು ಹುಡುಕಿ

ಮೊದಲನೆಯದು ಕಡತಗಳ ಹೆಸರು. ಇಂಗ್ಲಿಷ್‌ನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ವಿಂಡೋಸ್ ಒಂದೇ ಎಂದು ಪರಿಗಣಿಸಿದರೆ ಲಿನಕ್ಸ್ ಬೇರೆ ಬೇರೆ ಎಂದು ಪರಿಗಣಿಸುತ್ತದೆ. ಕೋಡ್‌ನಲ್ಲಿ ಒಂದು ರೀತಿ, ಫೋಲ್ಡರ್‌ನಲ್ಲಿ ಇನ್ನೊಂದು ರೀತಿ ಬರೆದಿದ್ದರೆ ಮೂರನೆಯ ಹಂತದ ಬಾಗಿಲು ತೆರೆಯುವ ಸದ್ದು ಮಾತ್ರ ಕೇಳಿಸದಿರಬಹುದು, ಅಥವಾ ಗೇಮ್ ಅಲ್ಲಿಯೇ ನಿಲ್ಲಬಹುದು. ಎಲ್ಲ ಕಡತಗಳಿಗೂ ಸಣ್ಣಕ್ಷರವನ್ನೇ ಬಳಸುವ ನಿಯಮವನ್ನು ಕಲಾವಿದರಿಗೂ ಸೇರಿಸಿ ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಎರಡನೆಯದು ದಶಮಾಂಶ ಚಿಹ್ನೆ. ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುತ್ತಾರೆ. ಗೇಮ್ ಆರಂಭದಲ್ಲಿ ವ್ಯವಸ್ಥೆಯ ಲೊಕೇಲ್ ಅನ್ನು, ಎಂದರೆ ಭಾಷೆ ಮತ್ತು ದೇಶದ ಸೆಟ್ಟಿಂಗ್ ಅನ್ನು, ಎತ್ತಿಕೊಂಡು, ಆಮೇಲೆ ಸಂರಚನಾ ಕಡತದಲ್ಲಿರುವ 0.5 ಎಂಬುದನ್ನು ಓದಿದರೆ, ಅದು ಚುಕ್ಕಿಯ ಬಳಿ ನಿಂತು ಸೊನ್ನೆ ಎಂದು ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಪುಟ್ಟ ತಂಡದ ಗೇಮ್‌ನಲ್ಲಿ ಪಾತ್ರವು ಜರ್ಮನ್ ಆಟಗಾರರ ಯಂತ್ರದಲ್ಲಿ ಮಾತ್ರ ನಿಂತಲ್ಲಿಂದ ಕದಲುತ್ತಿರಲಿಲ್ಲ. ಕಾರಣ ಹುಡುಕಲು ನಮಗೆ ನಾಲ್ಕು ದಿನ ಬೇಕಾಯಿತು. ಸಂಖ್ಯೆಗಳನ್ನು ಓದುವ ಭಾಗಕ್ಕೆ ಯಾವಾಗಲೂ ಚುಕ್ಕಿಯನ್ನೇ ಬಳಸುವ ಸಿ ಲೊಕೇಲ್ ಅನ್ನೇ ನಿಗದಿಪಡಿಸಿ, ಜರ್ಮನ್ ಲೊಕೇಲ್‌ನಲ್ಲಿ ಒಮ್ಮೆ ಗೇಮ್ ಓಡಿಸಿ ನೋಡಿ.

ಸೇವ್ ಕಡತಗಳನ್ನು ಗೇಮ್ ಫೋಲ್ಡರ್‌ನಲ್ಲಾಗಲಿ, ಹೋಮ್ ಫೋಲ್ಡರ್‌ನ ನೇರ ಒಳಗಾಗಲಿ ಬರೆಯಬೇಡಿ. ಎಕ್ಸ್‌ಡಿಜಿ ಎಂಬ ಒಪ್ಪಿತ ನಿಯಮದ ಪ್ರಕಾರ ದತ್ತಾಂಶಕ್ಕೆ ಒಂದು, ಸೆಟ್ಟಿಂಗ್‌ಗಳಿಗೆ ಒಂದು ಎಂದು ಜಾಗಗಳಿವೆ. ಎಸ್‌ಡಿಎಲ್ ಮತ್ತು ಗೊಡೋ ಈ ಜಾಗವನ್ನು ತಾವೇ ಹುಡುಕಿಕೊಡುತ್ತವೆ. ವಿಂಡೋಸ್‌ನಲ್ಲಿ ಮಾಡಿದ ಜ಼ಿಪ್ ಕಡತವು ಗೇಮ್ ಬೈನರಿಯ ಚಲಾಯಿಸುವ ಅನುಮತಿಯನ್ನು ಕಳೆದುಬಿಡುತ್ತದೆ, ಆದುದರಿಂದ ನೇರವಾಗಿ ಮಾರುವ ಪ್ರತಿಯನ್ನು ಲಿನಕ್ಸ್ ಯಂತ್ರದಲ್ಲೇ ಟಾರ್ ಕಡತವಾಗಿ ಕಟ್ಟಬೇಕು. ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಪುಟ್ಟ ಪ್ರೋಗ್ರಾಂಗಳಾದ ಶೇಡರ್‌ಗಳ ವಿಷಯದಲ್ಲಿ ಎನ್‌ವಿಡಿಯಾ ಡ್ರೈವರ್ ಉದಾರಿ, ಮೆಸಾ ನಿಯಮನಿಷ್ಠ. ಎನ್‌ವಿಡಿಯಾ ಕಾರ್ಡ್‌ನಲ್ಲಿ ಮಾತ್ರ ಪರೀಕ್ಷಿಸಿದ ಶೇಡರ್ ಎಎಂಡಿ ಮತ್ತು ಇಂಟೆಲ್ ಯಂತ್ರಗಳಲ್ಲಿ ಕಂಪೈಲ್ ಆಗದಿರಬಹುದು.

ಕನ್ನಡದಲ್ಲಿ ಪಠ್ಯವಿರುವ ಗೇಮ್ ಮಾಡುವವರಿಗೆ ಇನ್ನೊಂದು ಮಾತು. ಒತ್ತಕ್ಷರ, ಅರ್ಕಾವತ್ತು, ಗುಣಿತಾಕ್ಷರಗಳು ಸರಿಯಾಗಿ ಮೂಡಬೇಕಾದರೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು, ಹಾರ್ಫ್‌ಬಜ಼್‌ನಂತಹ ಆಕಾರ ಜೋಡಣಾ ಲೈಬ್ರರಿ ಬೇಕು. ಗೊಡೋ ನಾಲ್ಕನೆಯ ಆವೃತ್ತಿಯಲ್ಲಿ ಅದು ಒಳಗೇ ಇದೆ, ಮೂರನೆಯದರಲ್ಲಿ ಇರಲಿಲ್ಲ. ಬಳಕೆದಾರರ ಯಂತ್ರದಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ ಎಂದು ನಂಬದೆ ನೋಟೊ ಸಾನ್ಸ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟನ್ನು ಗೇಮ್‌ನೊಂದಿಗೇ ಕೊಡಿ.

ಹೆಜ್ಜೆ 5: ಕೆಲವೇ ಯಂತ್ರಗಳಲ್ಲಿ, ಆದರೆ ನಿಯಮಿತವಾಗಿ ಪರೀಕ್ಷಿಸಿ

ಎಲ್ಲ ಡಿಸ್ಟ್ರೋಗಳಲ್ಲಿ ಪರೀಕ್ಷಿಸುವ ಅಗತ್ಯವಿಲ್ಲ. ದೀರ್ಘಾವಧಿ ಬೆಂಬಲದ ಉಬುಂಟು ಒಂದು, ಹೊಸ ಲೈಬ್ರರಿಗಳು ಬೇಗ ಬರುವ ಫೆಡೋರಾ ಒಂದು, ಮತ್ತು ಸ್ಟೀಮ್ ಡೆಕ್ ಇಷ್ಟು ಸಾಕು. ಇವುಗಳ ನಡುವೆ ಎಎಂಡಿ, ಇಂಟೆಲ್, ಎನ್‌ವಿಡಿಯಾ ಮೂರೂ ಬರುವಂತೆ ನೋಡಿಕೊಳ್ಳಿ. ಡೆಕ್ ಕೊಳ್ಳುವುದು ಸಣ್ಣ ತಂಡಕ್ಕೆ ಹೊರೆಯಾದರೆ 1280x800 ಪರದೆಯ ಅಳತೆಯಲ್ಲಿ, ಕೀಲಿಮಣೆ ಮತ್ತು ಮೌಸ್ ಮುಟ್ಟದೆ, ನಿಯಂತ್ರಕದಿಂದಲೇ ಆರಂಭದಿಂದ ಕೊನೆಯವರೆಗೆ ಆಡಿ ನೋಡಿ. ವಾಲ್ವ್‌ನ ಡೆಕ್ ಪರಿಶೀಲನೆಯಲ್ಲಿ ಅತಿ ಚಿಕ್ಕ ಅಕ್ಷರವೂ ಆ ಪರದೆಯ ಮೇಲೆ 9 ಪಿಕ್ಸೆಲ್‌ಗಿಂತ ಕಡಿಮೆ ಎತ್ತರ ಇರಬಾರದು ಎಂಬ ನಿಯಮವಿದೆ. ಆದರೆ ಅಷ್ಟೇ ಎತ್ತರದಲ್ಲಿ ಕನ್ನಡದ ಒತ್ತುಗಳು ಓದಲು ಸಿಗುವುದಿಲ್ಲ, ಅದರ ಎರಡರಷ್ಟಾದರೂ ಇಡುವುದು ಒಳ್ಳೆಯದು.

ಹೆಜ್ಜೆ 6: ಅಂಗಡಿಯನ್ನು ಆರಿಸಿ, ತೆರಿಗೆಯ ಕಾಗದಗಳನ್ನು ಸಿದ್ಧಪಡಿಸಿ

ಹೆಚ್ಚಿನ ಕೊಳ್ಳುಗರು ಇರುವುದು ಸ್ಟೀಮ್‌ನಲ್ಲಿ. ಪ್ರತಿ ಗೇಮ್‌ಗೆ 100 ಡಾಲರ್ ಶುಲ್ಕ ಕಟ್ಟಬೇಕು. ಗೇಮ್‌ನ ಆದಾಯ 1,000 ಡಾಲರ್ ತಲುಪಿದ ಮೇಲೆ ಆ ಮೊತ್ತ ಹಿಂದಿರುಗುತ್ತದೆ. ಮಾರಾಟದ ಶೇಕಡ 30 ಅಂಗಡಿಯ ಪಾಲು; ಆದಾಯ 1 ಕೋಟಿ ಡಾಲರ್ ದಾಟಿದ ಗೇಮ್‌ಗಳಿಗೆ ಮಾತ್ರ ಆ ಪಾಲು ಇಳಿಯುತ್ತದೆ. ಶುಲ್ಕ ಕಟ್ಟಿದ ದಿನದಿಂದ ಬಿಡುಗಡೆಗೆ ಕನಿಷ್ಠ 30 ದಿನಗಳ ಅಂತರವಿರಬೇಕು ಮತ್ತು ಶೀಘ್ರದಲ್ಲೇ ಬರಲಿದೆ ಎಂಬ ಪ್ರಕಟಣೆ ಕನಿಷ್ಠ ಎರಡು ವಾರ ಅಂಗಡಿಯಲ್ಲಿ ಕಾಣುತ್ತಿರಬೇಕು. ಕಡತಗಳನ್ನು ಏರಿಸುವಾಗ ಚಿತ್ರ, ಸಂಗೀತಗಳಿಗೆ ಒಂದು ಸಾಮಾನ್ಯ ಡಿಪೋ (ಸ್ಟೀಮ್‌ನಲ್ಲಿ ಕಡತಗಳ ಕಟ್ಟಿಗೆ ಇರುವ ಹೆಸರು), ವಿಂಡೋಸ್ ಬೈನರಿಗೆ ಒಂದು, ಲಿನಕ್ಸ್ ಬೈನರಿಗೆ ಒಂದು ಎಂದು ವಿಂಗಡಿಸಿದರೆ ಪ್ರತಿ ಅಪ್‌ಡೇಟ್‌ನಲ್ಲೂ ಎರಡು ಆವೃತ್ತಿಗಳು ತಾವಾಗಿಯೇ ಸಮನಾಗಿ ಉಳಿಯುತ್ತವೆ. ಯಾವ ವ್ಯವಸ್ಥೆಗೆ ಯಾವ ಕಡತ ಚಲಿಸಬೇಕು ಎಂಬುದನ್ನು ಆರಂಭಿಕ ಆಯ್ಕೆಗಳಲ್ಲಿ ನಮೂದಿಸುವುದನ್ನು ಮರೆಯುವವರು ಬಹಳ. ಮರೆತರೆ ಗೇಮ್ ಇಳಿದರೂ ಆರಂಭವಾಗುವುದಿಲ್ಲ.

ಇಚ್ ಡಾಟ್ ಐಓ ಎಂಬಲ್ಲಿ ಪ್ರವೇಶ ಶುಲ್ಕವಿಲ್ಲ, ಅಂಗಡಿಯ ಪಾಲನ್ನು ಮಾರುವವರೇ ನಿರ್ಧರಿಸುತ್ತಾರೆ; ಏನೂ ಬದಲಿಸದಿದ್ದರೆ ಅದು ಶೇಕಡ 10. ಬಟ್ಲರ್ ಎಂಬ ಅವರ ಆದೇಶ ಸಾಲಿನ ಸಾಧನವು ಬದಲಾದ ಭಾಗವನ್ನು ಮಾತ್ರ ಏರಿಸುತ್ತದೆ, ನಮ್ಮ ಊರುಗಳ ನಿಧಾನ ಸಂಪರ್ಕದಲ್ಲಿ ಇದು ದೊಡ್ಡ ಉಪಕಾರ. ಜಿಓಜಿ ಅಂಗಡಿಯು 2014ರ ಜುಲೈನಿಂದ ಲಿನಕ್ಸ್ ಗೇಮ್‌ಗಳನ್ನು ಮಾರುತ್ತಿದೆ, ಆದರೆ ಅಲ್ಲಿ ಗೇಮ್‌ಗಳನ್ನು ಅವರೇ ಆಯ್ದುಕೊಳ್ಳುತ್ತಾರೆ. ಈ ಎರಡೂ ಅಂಗಡಿಗಳು ನಕಲು ತಡೆಯುವ ಬೀಗವನ್ನು ಹೇರದೆ ಮಾರುವುದರಿಂದ ಮುಕ್ತ ತಂತ್ರಾಂಶದ ಬಳಕೆದಾರರಲ್ಲಿ ಅವುಗಳ ಮೇಲೆ ವಿಶೇಷ ಒಲವಿದೆ. ಆ ಪ್ರತಿಗಳು ಸ್ಟೀಮ್ ಲೈಬ್ರರಿಯಿಲ್ಲದೆಯೂ ಓಡಬೇಕಾದ್ದರಿಂದ, ಸಾಧನೆಗಳ ಪಟ್ಟಿ ಮತ್ತು ಕ್ಲೌಡ್ ಸೇವ್‌ಗಳ ಕೋಡನ್ನು ಮೊದಲಿನಿಂದಲೇ ಬೇರ್ಪಡಿಸಿ ಬರೆಯಿರಿ.

ಭಾರತದಲ್ಲಿದ್ದು ಮಾರುವವರು ಅಮೆರಿಕದ ತೆರಿಗೆ ನಮೂನೆಯನ್ನು ತುಂಬಬೇಕಾಗುತ್ತದೆ. ವ್ಯಕ್ತಿಗಳಿಗೆ ಡಬ್ಲ್ಯು-8ಬೆನ್, ಕಂಪನಿಗಳಿಗೆ ಡಬ್ಲ್ಯು-8ಬೆನ್-ಇ. ಅದರಲ್ಲಿ ಪ್ಯಾನ್ ಸಂಖ್ಯೆಯನ್ನು ನಮೂದಿಸಿ ಭಾರತ ಮತ್ತು ಅಮೆರಿಕ ನಡುವಿನ ತೆರಿಗೆ ಒಪ್ಪಂದವನ್ನು ಕೋರಿದರೆ, ಅಮೆರಿಕದ ಗ್ರಾಹಕರಿಂದ ಬಂದ ರಾಯಲ್ಟಿಯ ಮೇಲಿನ ಕಡಿತ ಶೇಕಡ 30ರಿಂದ 15ಕ್ಕೆ ಇಳಿಯುತ್ತದೆ. ಹೀಗೆ ಕಡಿತವಾದದ್ದಕ್ಕೆ ಇಲ್ಲಿ ತೆರಿಗೆ ಜಮೆ ಕೇಳಬಹುದು. ಜಿಎಸ್‌ಟಿ ನೋಂದಣಿ ಇರುವವರು ರಫ್ತಿಗಾಗಿ ಮುಚ್ಚಳಿಕೆ ಪತ್ರವನ್ನು, ಅಂದರೆ ಎಲ್‌ಯುಟಿಯನ್ನು, ಪ್ರತಿ ಆರ್ಥಿಕ ವರ್ಷ ಸಲ್ಲಿಸಬೇಕು. ಬ್ಯಾಂಕ್‌ನಿಂದ ವಿದೇಶಿ ಹಣ ಬಂದ ದಾಖಲೆಯನ್ನು ಪ್ರತಿ ಬಾರಿಯೂ ಕೇಳಿ ಪಡೆದು ಜೋಪಾನವಾಗಿಡಿ, ಮತ್ತು ಮೊದಲ ಪಾವತಿ ಬರುವ ಮುನ್ನವೇ ಲೆಕ್ಕಪರಿಶೋಧಕರನ್ನು ಕಾಣಿರಿ.

ಹೆಜ್ಜೆ 7: ಬೆಲೆ ಮತ್ತು ದಿನಾಂಕ

ಲೋಕಿಯ ಕಥೆಯನ್ನು ಆರಂಭದಲ್ಲೇ ಹೇಳಿದ್ದು ಈ ಹೆಜ್ಜೆಗಾಗಿ. ಲಿನಕ್ಸ್ ಆವೃತ್ತಿ ಅದೇ ದಿನ, ಅದೇ ಬೆಲೆಗೆ, ಒಂದೇ ಖರೀದಿಯಲ್ಲಿ ಸಿಗಬೇಕು. ಮುಂದೆ ಬರುತ್ತದೆ ಎಂದು ಹೇಳಿ ಮಾರಿದರೆ ಇಬ್ಬರಿಗೂ ನಷ್ಟ: ಗ್ರಾಹಕರು ವಿಂಡೋಸ್ ಪ್ರತಿಯನ್ನು ಕೊಂಡುಬಿಡುತ್ತಾರೆ, ಆ ಮಾರಾಟ ನಿಮ್ಮ ಲೆಕ್ಕದಲ್ಲಿ ವಿಂಡೋಸ್ ಎಂದೇ ದಾಖಲಾಗುತ್ತದೆ, ಆಮೇಲೆ ಲಿನಕ್ಸ್‌ಗೆ ಗಿರಾಕಿಗಳೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ನೀವು ಬರುತ್ತೀರಿ. ದಿನಾಂಕಕ್ಕೆ ಸಿದ್ಧವಾಗದಿದ್ದರೆ ವಿವರಣೆಯಲ್ಲಿ ಲಿನಕ್ಸ್ ಹೆಸರನ್ನೇ ಎತ್ತಬೇಡಿ.

ಬಿಡುಗಡೆಗೆ ಮುನ್ನ ಉಚಿತ ಡೆಮೊ ಒಂದನ್ನು ಲಿನಕ್ಸ್ ಬಿಲ್ಡ್ ಸಹಿತ ಕೊಡಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ವರ್ಷಕ್ಕೆ ಮೂರು ಬಾರಿ ನಡೆಯುವ ಸ್ಟೀಮ್ ನೆಕ್ಸ್ಟ್ ಫೆಸ್ಟ್ ಎಂಬ ಡೆಮೊಗಳ ಉತ್ಸವದಲ್ಲಿ ಒಂದು ಗೇಮ್‌ಗೆ ಒಂದೇ ಅವಕಾಶ. ಅಷ್ಟರೊಳಗೆ ಡೆಮೊ ಸಿದ್ಧವಿದ್ದರೆ ನೂರಾರು ಬಗೆಯ ಯಂತ್ರಗಳಲ್ಲಿ ಯಾವ ಖರ್ಚೂ ಇಲ್ಲದೆ ಪರೀಕ್ಷೆಯಾಗುತ್ತದೆ. ಲಿನಕ್ಸ್ ಗೇಮ್‌ಗಳ ಬಗ್ಗೆಯೇ ಬರೆಯುವ ಗೇಮಿಂಗ್‌ಆನ್‌ಲಿನಕ್ಸ್ ಮುಂತಾದವುಗಳಿಗೆ ಎರಡು ಮೂರು ವಾರ ಮೊದಲೇ ಗೇಮ್ ಪಡೆಯುವ ಕೀ ಸಂಕೇತವನ್ನು ಕಳುಹಿಸಿ, ಯಾವ ಬಗೆಯ ಬೆಂಬಲ ಕೊಡುತ್ತಿದ್ದೀರಿ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ.

ಹೆಜ್ಜೆ 8: ಮಾರಿದ ನಂತರ

ಲಿನಕ್ಸ್ ಬಳಕೆದಾರರಿಂದ ದೂರುಗಳು ಹೆಚ್ಚು ಬರುತ್ತವೆ ಎಂಬುದು ನಿಜ, ಆದರೆ ಆ ಸಂಖ್ಯೆಯನ್ನು ಓದುವ ಬಗೆ ಬೇರೆ. ಗೊಡೋದಲ್ಲಿ ತಯಾರಾದ ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ಗೇಮ್‌ನ ತಯಾರಕರು 2021ರಲ್ಲಿ ತಮ್ಮ ಲೆಕ್ಕವನ್ನು ಬಹಿರಂಗಪಡಿಸಿದರು. ಸುಮಾರು 12,000 ಪ್ರತಿಗಳಲ್ಲಿ ಸುಮಾರು 700 ಲಿನಕ್ಸ್‌ನವು, ಅಂದರೆ ಶೇಕಡ 5.8. ಬಂದ ಸುಮಾರು 1,040 ದೋಷ ವರದಿಗಳಲ್ಲಿ 400ರಷ್ಟು ಲಿನಕ್ಸ್ ಆಟಗಾರರವು. ಮೇಲ್ನೋಟಕ್ಕೆ ಇದು ಹೊರೆಯೆನಿಸುತ್ತದೆ. ಆದರೆ ಆ 400ರಲ್ಲಿ ಲಿನಕ್ಸ್‌ನಲ್ಲಿ ಮಾತ್ರ ಕಾಣಿಸುವ ದೋಷಗಳು ಮೂರೇ ಇದ್ದವು. ಉಳಿದವೆಲ್ಲ ಎಲ್ಲ ವ್ಯವಸ್ಥೆಗಳಲ್ಲೂ ಇದ್ದ ತಪ್ಪುಗಳು. ಅವನ್ನು ಕ್ರಮವಾಗಿ, ಮರುಸೃಷ್ಟಿಸುವ ವಿಧಾನ ಸಹಿತ ಬರೆದು ಕಳುಹಿಸಿದವರು ಲಿನಕ್ಸ್ ಆಟಗಾರರು. ತೆರೆದ ಯೋಜನೆಗಳಿಗೆ ದೋಷ ವರದಿ ಬರೆದು ರೂಢಿಯಾದವರ ಕೈಯಿಂದ ಬಂದ ಈ ಕೆಲಸಕ್ಕೆ ಸಣ್ಣ ತಂಡವೊಂದು ಸಂಬಳ ಕೊಟ್ಟು ಪರೀಕ್ಷಕರನ್ನು ಇಟ್ಟುಕೊಳ್ಳಲಾರದು.

ಆ ಶ್ರದ್ಧೆ ವ್ಯರ್ಥವಾಗದಂತೆ ವರದಿ ಕೊಡುವ ದಾರಿಯನ್ನು ಸುಗಮಗೊಳಿಸಿ. ಗೇಮ್ ಆರಂಭವಾದಾಗಲೇ ಡಿಸ್ಟ್ರೋ, ಕರ್ನಲ್, ಡ್ರೈವರ್ ಆವೃತ್ತಿ, ವೇಲ್ಯಾಂಡೋ ಎಕ್ಸ್11ಓ ಎಂಬುದನ್ನು ಲಾಗ್ ಕಡತದಲ್ಲಿ ಬರೆಯಲಿ. ಆ ಕಡತ ಎಲ್ಲಿದೆ ಎಂಬುದನ್ನು ಮೆನುವಿನಿಂದಲೇ ತೆರೆದು ನೋಡುವಂತಿರಲಿ. ಯಾವ ಡಿಸ್ಟ್ರೋಗಳಲ್ಲಿ ಪರೀಕ್ಷಿಸಿದ್ದೀರಿ ಎಂದು ಸ್ಪಷ್ಟವಾಗಿ ಬರೆದಿಡಿ, ಉಳಿದವುಗಳಲ್ಲಿ ಬಂದ ತೊಂದರೆಗೆ ಕೈಲಾದಷ್ಟು ನೆರವಾಗುತ್ತೇವೆ ಎಂದಷ್ಟೇ ಹೇಳಿ. ಗೇಮ್ ಆರಂಭವೇ ಆಗದವರಿಗೆ ಮರುಪಾವತಿ ಕೊಡಲು ವಾದಿಸಬೇಡಿ. ಸ್ಟೀಮ್‌ನಲ್ಲಿ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರಿಗೆ ಅದು ಹೇಗೂ ಸಿಗುತ್ತದೆ.

ಎಂದಾದರೂ ಲಿನಕ್ಸ್ ಬೆಂಬಲವನ್ನು ನಿಲ್ಲಿಸಲೇಬೇಕಾದ ಸ್ಥಿತಿ ಬರಬಹುದು. ರಾಕೆಟ್ ಲೀಗ್ ಗೇಮ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳ ಆನ್‌ಲೈನ್ ಆಟವನ್ನು ನಿಲ್ಲಿಸಿದಾಗ ಕೊಂಡವರಿಗೆ ಹಣ ಹಿಂದಿರುಗಿಸುವ ವ್ಯವಸ್ಥೆ ಮಾಡಲಾಯಿತು. ಸಣ್ಣ ತಂಡಕ್ಕೆ ಅಷ್ಟು ಹಣವಿರಲಿಕ್ಕಿಲ್ಲ. ಹಾಗಿದ್ದಾಗ ಕನಿಷ್ಠ ಮೂರು ತಿಂಗಳ ಮುನ್ಸೂಚನೆ ಕೊಟ್ಟು, ಸರಿಯಾಗಿ ಓಡುತ್ತಿದ್ದ ಕೊನೆಯ ಲಿನಕ್ಸ್ ಬಿಲ್ಡ್ ಅನ್ನು ಸ್ಟೀಮ್‌ನ ಪ್ರತ್ಯೇಕ ಶಾಖೆಯೊಂದರಲ್ಲಿ ಶಾಶ್ವತವಾಗಿ ಉಳಿಸಿ, ವಿಂಡೋಸ್ ಪ್ರತಿ ಪ್ರೋಟಾನ್‌ನಲ್ಲಿ ಅದೇ ಸೇವ್ ಕಡತಗಳನ್ನು ತೆರೆಯುವುದೇ ಎಂದು ಪರೀಕ್ಷಿಸಿ, ಆ ಮೇಲೆಯೇ ಹೊಸ ಮಾರಾಟವನ್ನು ನಿಲ್ಲಿಸಿ. ಮಾರಿದ ಪ್ರತಿಯೊಂದು ಬಿಲ್ಡ್‌ನ ಡಿಬಗ್ ಸಂಕೇತಗಳನ್ನೂ (ದೋಷ ಕೋಡ್‌ನ ಯಾವ ಸಾಲಿನದೆಂದು ತೋರಿಸುವ ಕಡತಗಳು) ಅದನ್ನು ಕಟ್ಟಿದ ಕಂಟೇನರ್‌ನ ಪ್ರತಿಯನ್ನೂ ಎರಡು ಬೇರೆ ಜಾಗಗಳಲ್ಲಿ ಕಾದಿರಿಸಿಕೊಂಡಿದ್ದರೆ, ಐದು ವರ್ಷಗಳ ನಂತರ ಯಾರೋ ಒಬ್ಬರು ಕ್ರ್ಯಾಶ್ ವರದಿ ಕಳುಹಿಸಿದಾಗ ಆ ಸಾಲು ಯಾವುದೆಂದು ಅರ್ಧ ಗಂಟೆಯಲ್ಲಿ ಹುಡುಕಿ, ಅದೇ ಪರಿಸರದಲ್ಲಿ ಮತ್ತೆ ಕಂಪೈಲ್ ಮಾಡಿ ಕಳುಹಿಸಬಹುದು.